ಕೊಂಡಿ ಮತ್ತು ಕೀರ್ತಿ

ಒಬ್ಬನ ಯೋಗ್ಯತೆಯನ್ನು ಜನರು ಅವನ ಮಾತಿನಿಂದಷ್ಟೇ ಅಳೆಯುವುದಿಲ್ಲ. ಅವನನ್ನು ಕುರಿತು ಇತರರು ನುಡಿಯುವ ಸಾಕ್ಷಿಯನ್ನೂ ಕೇಳುತ್ತಾರೆ. ಅಂತರಜಾಲದ ತಾಣಗಳಿಗೂ ಈ ನಿಯಮ ಅನ್ವಯಿಸುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತದ ಕಣಜವೆನಿಸಿರುವ ಸಿಂಧನೂರು ಸೀಮೆಯಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ನೆಲೆಗೊಂಡ ಆರ್.ಎಚ್. ಕ್ಯಾಂಪುಗಳಿವೆ. ಅಲ್ಲಿಯ ರೈತರು ಕೂಡಿ, ತಮ್ಮ ಸೋನಾ ಮಸೂರಿ ಅಕ್ಕಿಯನ್ನು ದೂರದ ಊರುಗಳಿಗೆ ಮಾರಲು ಜಾಲತಾಣವೊಂದನ್ನು ತೆರೆದರೆಂದು ಭಾವಿಸೋಣ. ಅಕ್ಕಿಯನ್ನು ಅರಸುವವರಿಗೆ ಆ ತಾಣವು ಶೋಧಯಂತ್ರದ ಮೊದಲ ಪುಟದಲ್ಲಿ ಕಾಣದಿದ್ದರೆ, ಅಕ್ಕಿ ಎಷ್ಟು ಉತ್ತಮವಾಗಿದ್ದರೂ ಕೊಳ್ಳುವವರು ಬರುವುದು ಕಷ್ಟ. ಹಾಗಾದರೆ ಈ ಶ್ರೇಯಾಂಕ ನಿರ್ಣಯವಾಗುವುದು ಹೇಗೆ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು. ಒಂದು ತಾಣದಿಂದ ಇನ್ನೊಂದಕ್ಕೆ ದಾರಿ ತೋರುವ ಕೊಂಡಿಯನ್ನು ಅವರು ಒಂದು ಸಾಕ್ಷಿಯೆಂದು ಎಣಿಸಿದರು. ಆದರೆ ಎಲ್ಲ ಸಾಕ್ಷಿಗೂ ಸಮಾನ ತೂಕವಿಲ್ಲ. ಸ್ವತಃ ಮನ್ನಣೆ ಪಡೆದ ತಾಣದ ಕೊಂಡಿಗೆ ಹೆಚ್ಚು ಬೆಲೆ. ಇಂದು ಶ್ರೇಯಾಂಕಕ್ಕೆ ಬೇರೆ ಅನೇಕ ಅಂಶಗಳು ಸೇರಿದ್ದರೂ ಕೊಂಡಿಯ ಮಹತ್ವ ಅಳಿದಿಲ್ಲ.

ಸಾಕ್ಷಿಗೆ ಬೆಲೆ ಬಂದೊಡನೆ ಸುಳ್ಳುಸಾಕ್ಷಿಯೂ ಹುಟ್ಟಿತು. ಹಣ ಪಡೆದು ಸಾವಿರಾರು ಕೊಂಡಿಗಳನ್ನು ಒದಗಿಸುವವರು ತಲೆಯೆತ್ತಿದರು. ಜೆ.ಸಿ. ಪೆನ್ನಿ ಎಂಬ ಅಮೆರಿಕದ ಅಂಗಡಿ ಸಂಸ್ಥೆಯ ತಾಣಕ್ಕೆ, ಅದರ ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ಎಷ್ಟೋ ತಾಣಗಳಿಂದ ಕೊಂಡಿಗಳಿರುವುದನ್ನು 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ತನಗೆ ಇದು ತಿಳಿದಿರಲಿಲ್ಲವೆಂದು ಸಂಸ್ಥೆ ಹೇಳಿತು. ಆದರೂ ಗೂಗಲ್ ಕ್ರಮ ಕೈಗೊಂಡಿತು. ಅಗ್ರಸ್ಥಾನದಲ್ಲಿದ್ದ ತಾಣ ಬಹಳ ಕೆಳಗಿಳಿಯಿತು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಹೊಸ ಗಣನಕ್ರಮ ಜಾರಿಗೆ ಬಂದು, ಇಂತಹ ತಾಣಗಳು ತಾವಾಗಿಯೇ ಹಿಂದೆ ಸರಿಯತೊಡಗಿದವು.

ಕೆಟ್ಟ ಕೊಂಡಿಗಳು ಅಂಟಿಕೊಂಡ ತಾಣದ ಒಡೆಯನು ಏನು ಮಾಡಬೇಕು? ಮೊದಲು ತನ್ನ ತಾಣಕ್ಕೆ ಬಂದಿರುವ ಕೊಂಡಿಗಳ ಪಟ್ಟಿಯನ್ನು ಪಡೆದು ಒಂದೊಂದನ್ನೂ ಪರೀಕ್ಷಿಸಬೇಕು. ದೋಷವುಳ್ಳವನ್ನು ತೆಗೆದುಹಾಕುವಂತೆ ಆಯಾ ತಾಣದವರನ್ನು ಕೇಳಿಕೊಳ್ಳಬೇಕು. ಅವರು ಒಪ್ಪದಿದ್ದರೆ, ಅಂಥ ಕೊಂಡಿಗಳ ವಿಳಾಸಗಳನ್ನು ಬರೆದು, ಇವನ್ನು ಲೆಕ್ಕಿಸಬೇಡಿರೆಂದು ಗೂಗಲ್‌ಗೆ ಒಪ್ಪಿಸಬಹುದು. ಈ ಸೌಲಭ್ಯ 2012ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ದಂಡನೆಗೆ ಗುರಿಯಾದವರು ದೋಷವನ್ನು ತಿದ್ದಿಕೊಂಡು ಮರುಪರಿಶೀಲನೆಗೆ ಮನವಿ ಸಲ್ಲಿಸಬಹುದು.

ಆದರೆ ಈ ಮದ್ದನ್ನು ಎಚ್ಚರದಿಂದ ಬಳಸಬೇಕು. ಭತ್ತದ ಸಸಿಯನ್ನೇ ಹೋಲುವ ಕಳೆಯುಂಟು. ಅವಸರದಲ್ಲಿ ಕೀಳುವವನು ಸಸಿಯನ್ನೂ ಕಿತ್ತಾನು. ಅಂತೆಯೇ ಒಳ್ಳೆಯ ಕೊಂಡಿಯನ್ನು ನಿರಾಕರಿಸಿದರೆ ನಷ್ಟ ನಮ್ಮದೇ. ಯಾರೋ ದೂರದಿಂದ ಎಸೆದ ಹಾಳು ಕೊಂಡಿಗಳಲ್ಲಿ ಬಹುಪಾಲನ್ನು ಪೆಂಗ್ವಿನ್ 2016ರಿಂದೀಚೆಗೆ ತಾನೇ ಕಡೆಗಣಿಸುತ್ತದೆ. ಹೆಚ್ಚಿನ ತಾಣಗಳಿಗೆ ಈ ಸೌಲಭ್ಯದ ಅಗತ್ಯವೇ ಇಲ್ಲವೆಂದು ಗೂಗಲ್ ಕೂಡ ತಿಳಿಸಿದೆ.

ಆದುದರಿಂದ ನಮ್ಮ ರೈತರು ಕೊಂಡಿಗಳನ್ನು ಕೊಳ್ಳಲು ಹಣ ವ್ಯಯಿಸಬೇಕಾಗಿಲ್ಲ. ಅಕ್ಕಿಯ ತಳಿ, ಬೆಳೆದ ಬಗೆ, ಬೆಲೆ ಇವುಗಳನ್ನು ಸತ್ಯವಾಗಿ ತಿಳಿಸಿದರೆ, ಉಂಡು ಮೆಚ್ಚಿದವರೇ ಇತರರಿಗೆ ದಾರಿ ತೋರುವರು. ಕೊಂಡ ಸಾಕ್ಷಿ ಕೆಲಕಾಲ ಮೇಲೇರಿಸೀತು. ಗಳಿಸಿದ ಸಾಕ್ಷಿಯೇ ಕಡೆಯವರೆಗೂ ಕಾಯುವುದು.