ನಿಮಗಿದು ಗೊತ್ತೇ? ವಾಲ್ವ್ ಗಿಟಾರ್ ಆಂಪ್ ಕೊಳ್ಳುವ ಮುನ್ನ

100 ವ್ಯಾಟ್‌ನ ಆಂಪ್ 10 ವ್ಯಾಟ್‌ನದಕ್ಕಿಂತ ಹತ್ತು ಪಟ್ಟು ಜೋರಲ್ಲ! ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು, ಅಷ್ಟೇ. 50 ವ್ಯಾಟ್‌ಗೂ 100 ವ್ಯಾಟ್‌ಗೂ ಇರುವ ಅಂತರ ಬರೀ 3 ಡೆಸಿಬೆಲ್. ಒಳ್ಳೆಯ ದಕ್ಷತೆಯ ಸ್ಪೀಕರ್ ಹಾಕಿದರೆ ಅಷ್ಟು ಅದರಿಂದಲೇ ಸಿಗುತ್ತದೆ.

ಹಾಗಾದರೆ ಮನೆಗೆ ಎಷ್ಟು ಬೇಕು? 5 ವ್ಯಾಟ್ ಧಾರಾಳವಾಯಿತು. ವಾಲ್ವ್ ಆಂಪಿನ, ಅಂದರೆ ಗಾಜಿನ ನಿರ್ವಾತ ಕೊಳವೆಗಳಿಂದ ನಡೆಯುವ ಆಂಪ್ಲಿಫೈಯರಿನ, ಸೊಗಸು ತಿಳಿಯುವುದು ಅದನ್ನು ಮಿತಿಯವರೆಗೂ ದುಡಿಸಿದಾಗ. ಧ್ವನಿ ಫಕ್ಕನೆ ಒಡೆಯುವುದಿಲ್ಲ, ಮೆಲ್ಲಮೆಲ್ಲಗೆ ಒರಟಾಗುತ್ತ ಹೋಗುತ್ತದೆ. ದೊಡ್ಡ ಆಂಪನ್ನು ಆ ಮಟ್ಟಕ್ಕೆ ಏರಿಸಿದರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. 1970ರಲ್ಲಿ ‘ಲೈಲಾ’ ಆಲ್ಬಂ ಧ್ವನಿಮುದ್ರಣಕ್ಕೆ ಗಿಟಾರ್ ವಾದಕರಾದ ಎರಿಕ್ ಕ್ಲಾಪ್ಟನ್ ಮತ್ತು ಡ್ಯೂಯೇನ್ ಆಲ್ಮನ್ ಬಳಸಿದ್ದು ಫೆಂಡರ್ ಚಾಂಪ್ ಎಂಬ ಪುಟ್ಟ ಆಂಪನ್ನು!

ಈ ಫೆಂಡರ್ ಆಂಪ್‌ಗಳ ಜನಕ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು ಅವರು. ಅವರ ‘ಬಾಸ್‌ಮನ್’ ಆಂಪ್ ಹುಟ್ಟಿದ್ದು ಬಾಸ್ ಗಿಟಾರಿಗಾಗಿ, ಹಚ್ಚಿಕೊಂಡವರು ಮಾತ್ರ ಮಾಮೂಲಿ ಗಿಟಾರ್ ವಾದಕರು. ಲಂಡನ್ನಿನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಮತ್ತು ಸಂಗಡಿಗರು ಅದರ ಸರ್ಕ್ಯೂಟನ್ನೇ ಮಾದರಿಯಾಗಿಟ್ಟುಕೊಂಡು 1962ರಲ್ಲಿ ತಮ್ಮ ಮೊದಲ ಆಂಪ್ ಜೆಟಿಎಂ45 ಕಟ್ಟಿದರು.

ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆಗೆ ಇಳಿಯಿತು. ವಾಕ್ಸ್ ಎಸಿ30 ಆಂಪಿನಲ್ಲಿ ನಾಲ್ಕು ಕೂತಿರುತ್ತವಲ್ಲ, ಆ ಇಎಲ್84 ಮಾದರಿಯ ವಾಲ್ವ್ ಇಲ್ಲೂ ತಯಾರಾಗುತ್ತಿತ್ತು. ಬಿಇಎಲ್ ಮುದ್ರೆಯ ಹಳೆಯ ವಾಲ್ವ್‌ಗಳನ್ನು ಈಗಲೂ ಹುಡುಕಿ ಕೊಳ್ಳುವವರಿದ್ದಾರೆ. ಅಟ್ಟದ ಮೇಲೆ ಅಜ್ಜನ ಕಾಲದ ವಾಲ್ವ್ ರೇಡಿಯೊ ಇದ್ದರೆ ಗುಜರಿಗೆ ಹಾಕುವ ಮುಂಚೆ ತಿಳಿದವರಿಗೆ ತೋರಿಸಿ.

ಸೆಕೆಂಡ್ ಹ್ಯಾಂಡ್ ಆಂಪ್ ನೋಡಲು ಹೋದಿರೋ, ಮೊದಲು ವಾಲ್ವಿನ ಗಾಜು ನೋಡಿ. ಅದರ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಮಚ್ಚೆ ಇರುತ್ತದೆ. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಒಳಹೊಕ್ಕಿದೆ, ಆ ವಾಲ್ವ್ ಸತ್ತಿದೆ ಎಂದೇ ಅರ್ಥ. ಆನ್ ಮಾಡಿದಾಗ ಗಾಜಿನ ಮೇಲೆ ನಸುನೀಲಿ ಬೆಳಕು ಆಡಿದರೆ ಗಾಬರಿ ಬೇಡ. ಆದರೆ ನಡುವಿನ ಬೂದು ಲೋಹದ ತಗಡೇ ಕೆಂಪಗೆ ಕಾದರೆ ಆ ಕ್ಷಣವೇ ಆರಿಸಿ. ಆಮೇಲೆ ಗಿಟಾರ್ ಜೋಡಿಸದೆ ವಾಲ್ಯೂಮ್ ಏರಿಸಿ, ಚಿಕ್ಕ ವಾಲ್ವ್‌ಗಳನ್ನು ಪೆನ್ಸಿಲ್ಲಿನಿಂದ ಒಂದೊಂದಾಗಿ ಹಗುರಾಗಿ ತಟ್ಟಿ. ಸ್ಪೀಕರಿನಲ್ಲಿ ಟಿಣ್ ಎಂದು ಗಟ್ಟಿಯಾಗಿ ಕೇಳಿದರೆ ಆ ವಾಲ್ವ್ ಬದಲಿಸಬೇಕು. ಗುಂಡಿ ತಿರುಗಿಸುವಾಗ ಬರುವ ಕರಕರ ಸದ್ದು ಸಾಮಾನ್ಯವಾಗಿ ಧೂಳಿನದು, ಅದಕ್ಕೆ ಹೆದರಬೇಡಿ. ಎಡೆಬಿಡದ ಗುಂಯ್‌ಗುಡುವಿಕೆ ಮಾತ್ರ ಹಾಗಲ್ಲ, ಒಳಗಿನ ಕೆಪಾಸಿಟರ್‌ಗಳು ಮುದಿಯಾಗಿರಬಹುದು.

ಪರೀಕ್ಷೆಗೆ ನಿಮ್ಮದೇ ಗಿಟಾರ್ ಒಯ್ಯಿರಿ. ಆಂಪನ್ನು ಒರಟು ಧ್ವನಿಯವರೆಗೆ ಏರಿಸಿ, ಗಿಟಾರಿನ ವಾಲ್ಯೂಮ್ ಮಾತ್ರ ತಗ್ಗಿಸಿ. ಧ್ವನಿ ತಿಳಿಯಾಗಬೇಕು. ಗಿಟಾರಿನ ವಾಲ್ಯೂಮಿಗೆ ಹೀಗೆ ಸ್ಪಂದಿಸದ ಆಂಪ್ ಎಷ್ಟೇ ಹೆಸರುವಾಸಿಯಾದರೂ ಬೇಡ ಎನ್ನುವವನು ನಾನು.

ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಆಂಪಿನ ಹಿಂದೆ ಬರೆದ ಓಮ್, ಸ್ಪೀಕರಿನ ಓಮ್ ಎರಡೂ ಹೊಂದುತ್ತವೆಯೇ ನೋಡಿಕೊಳ್ಳಿ.

ಅಮೆರಿಕದಿಂದ ನೆಂಟರು ತಂದ ಆಂಪ್ 120 ವೋಲ್ಟ್‌ನದಾಗಿರಬಹುದು. ನಮ್ಮ 230 ವೋಲ್ಟ್ ಪ್ಲಗ್ಗಿಗೆ ಸಿಕ್ಕಿಸಿದರೆ ಕತೆ ಮುಗಿಯಿತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮನೆಯ ಅರ್ಥಿಂಗ್ ಕೂಡ ಸರಿಯಿರಲಿ: 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೇ ಮೈಕ್ ಮುಟ್ಟಿ ವಿದ್ಯುತ್ ಆಘಾತದಿಂದ ತೀರಿಕೊಂಡ.

ಇನ್ನೊಂದು ಮಾತು. ವಾಲ್ವ್ ಆಂಪಿನೊಳಗೆ 300ರಿಂದ 500 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ದಯವಿಟ್ಟು ನೀವೇ ಬಿಚ್ಚಲು ಹೋಗಬೇಡಿ, ಬಲ್ಲವರ ಕೈಗೆ ಕೊಡಿ.