ಕಲ್ಲಿನಿಂದ ಬೆಳ್ಳಿಗೆ ಇಳಿದ ದೇವರುಗಳು

ಜಿನನಾಥಪುರದ ಶಾಂತಿನಾಥ ಬಸದಿಗೆ ಬರುವವರು ಕಡಿಮೆ. ಶ್ರವಣಬೆಳಗೊಳದ ಮಗ್ಗುಲಲ್ಲೇ ಇದ್ದರೂ ಬಾಹುಬಲಿಯನ್ನು ನೋಡಿ ಇಳಿದವರಿಗೆ ಬಸ್ಸಿನ ಅವಸರ. ಸುಮಾರು 1200ರಲ್ಲಿ ದಂಡನಾಯಕ ರೇಚಣ ಕಟ್ಟಿಸಿದ ಬಸದಿ ಇದು. ಬೆಳಗೊಳದ ಬಸದಿಗಳ ಹೊರಗೋಡೆ ಬಹುಮಟ್ಟಿಗೆ ಬೋಳು. ಇಲ್ಲಿ ಮಾತ್ರ ಜಿನರು, ಯಕ್ಷಯಕ್ಷಿಯರು, ಸರಸ್ವತಿ, ವಾದ್ಯದವರು ಸಾಲಾಗಿ ನಿಂತಿದ್ದಾರೆ. ನಡುವೆ ಮನ್ಮಥನೂ ಇದ್ದಾನೆ! ಕಾಮವನ್ನು ಗೆದ್ದವರ ಮನೆಗೋಡೆಗೆ ಕಾಮನನ್ನೇ ತಂದು ನಿಲ್ಲಿಸಿದ ಶಿಲ್ಪಿಯ ಎದೆಗಾರಿಕೆ ದೊಡ್ಡದು.

ಇಂಥ ಗೋಡೆ ಓದಿ ಅಭ್ಯಾಸವಿದ್ದವರಿಗೆ ಇಂಗ್ಲೆಂಡಿನ ಹಳೆಯ ಬೆಳ್ಳಿ ಪಾನಪಾತ್ರೆಗಳು ಅಪರಿಚಿತವೆನಿಸವು. ಅಲ್ಲಿ ಮನ್ಮಥನ ಜಾಗದಲ್ಲಿ ಕ್ಯೂಪಿಡ್. ಎಲ್ಲರಿಗಿಂತ ಮುಂದೆ ಮದ್ಯದ ದೇವತೆ ಬ್ಯಾಕಸ್. ರೋಮ್ ಬಳಿಯ ಹೇಡ್ರಿಯನ್ ಚಕ್ರವರ್ತಿಯ ಅರಮನೆಯ ಅವಶೇಷಗಳಲ್ಲಿ 1771ರ ಸುಮಾರಿಗೆ ದೊಡ್ಡದೊಂದು ಅಮೃತಶಿಲೆಯ ಪಾತ್ರೆಯ ಚೂರುಗಳು ಸಿಕ್ಕವು. ಜೋಡಿಸಿ ಇಂಗ್ಲೆಂಡಿಗೆ ಸಾಗಿಸಿದ ಮೇಲೆ ಅದಕ್ಕೆ ವಾರ್ವಿಕ್ ಹೂಜಿ ಎಂದು ಹೆಸರಾಯಿತು. ಎರಡು ಹಿಡಿಗಳೂ ಹೊಸೆದ ದ್ರಾಕ್ಷಿ ಬಳ್ಳಿಗಳು. ಒಡಲ ತುಂಬ ಬ್ಯಾಕಸನ ಪರಿವಾರದ ಗಡ್ಡದ ಮುಖಗಳು. ಲಂಡನ್ನಿನ ಅಕ್ಕಸಾಲಿಗ ಪಾಲ್ ಸ್ಟಾರ್ 1812ರಲ್ಲಿ ಇದೇ ರೂಪವನ್ನು ಬೆಳ್ಳಿಯಲ್ಲಿ ಇಳಿಸಿ, ಮದ್ಯ ತಣಿಸುವ ಪಾತ್ರೆಗಳನ್ನು ಮಾಡಿದ.

ಮುಂದೆ ಬ್ರಿಟಿಷರು ನಮ್ಮಲ್ಲಿ ಮನೆ ಹೂಡಿದಾಗ ಕಥೆ ತಿರುವು ತೆಗೆದುಕೊಂಡಿತು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿ ಚಹಾ ಸೆಟ್ಟು, ಹೂಜಿ, ಲೋಟಗಳ ಮೇಲೆ ಹಿಂದೂ ದೇವರುಗಳನ್ನು ಕೂರಿಸಿತು. ಅದಕ್ಕೆ ‘ಸ್ವಾಮಿ’ ಬೆಳ್ಳಿ ಎಂದೇ ಹೆಸರು ಬಿತ್ತು. ಬೆಂಗಳೂರಿನ ಅಕ್ಕಸಾಲಿಗರೂ ಈ ಬಗೆಯ ಕೆಲಸ ಮಾಡಿದರು. ಆಕಾರ ಪೂರಾ ವಿಲಾಯಿತಿ, ಮೇಲೆ ಕೃಷ್ಣ, ಗಣಪತಿ. ಕೆಲವಕ್ಕೆ ಹಿಡಿಯಾಗಿ ನಾಗರಹಾವು.

ಕೆಲಸದ ರೀತಿ ನಮ್ಮ ದೇವರ ಕವಚ, ಪ್ರಭಾವಳಿಗಳದ್ದೇ. ರಾಳ, ಇಟ್ಟಿಗೆ ಪುಡಿ, ಎಣ್ಣೆ ಕಾಯಿಸಿದ ಅಂಟಿನ ಮೇಲೆ ಬೆಳ್ಳಿ ತಗಡನ್ನು ಕೂರಿಸಿ, ಹಿಂಬದಿಯಿಂದ ಉಬ್ಬಿಸುತ್ತಾರೆ. ಆಮೇಲೆ ತಿರುಗಿಸಿ, ಮುಂಬದಿಯಿಂದ ಸಣ್ಣ ಉಳಿಯಲ್ಲಿ ಕಣ್ಣು, ಬೆರಳು, ನಿರಿಗೆ ತಿದ್ದುತ್ತಾರೆ. ಏಟು ಜೋರಾದರೆ ತಗಡು ಹರಿಯುತ್ತದೆ. ಬಡಿದಷ್ಟೂ ಬೆಳ್ಳಿ ಬಿರುಸಾಗುವುದರಿಂದ ಆಗಾಗ ಬೆಂಕಿಗೆ ಹಿಡಿದು ಮೆದು ಮಾಡಿಕೊಳ್ಳಲೇಬೇಕು.

ನನ್ನ ಮಟ್ಟಿಗೆ ‘ಸ್ವಾಮಿ’ ಬೆಳ್ಳಿ ಅಷ್ಟೇನೂ ಹಿತವಲ್ಲ. ಬೆರಳಿಡಲು ಜಾಗವಿಲ್ಲದಷ್ಟು ದೇವರುಗಳ ನೂಕುನುಗ್ಗಲು. ಜಿನನಾಥಪುರದ ಗೋಡೆಯಲ್ಲಿ ಮೂರ್ತಿ ಮೂರ್ತಿಗೂ ಉಸಿರಾಡಲು ಎಡೆ ಇದೆ. ಇನ್ನೊಂದು ಮಾತು: ಮದ್ಯವನ್ನೇ ತ್ಯಜಿಸಿದ ಜೈನರ ಈ ಸೀಮೆಯಲ್ಲಿ ಬೆಳ್ಳಿಪಾತ್ರೆಗೆ ಬೇರೆಯೇ ಕೆಲಸ. ಮಹಾಮಸ್ತಕಾಭಿಷೇಕದ 1008 ಕಲಶಗಳ ನೆನಪಿದ್ದರೆ ಸಾಕು. ಬೆಳಗೊಳ ಹಿಂದೆ ಹಿತ್ತಾಳೆ ಪಾತ್ರೆಗಳಿಗೂ ಹೆಸರಾಗಿತ್ತು.

ಅಜ್ಜನ ಕಾಲದ ಬೆಳ್ಳಿ ಲೋಟವೋ ಹೂಜಿಯೋ ಮನೆಯಲ್ಲಿದ್ದರೆ ತೂಕಕ್ಕೆ ಹಾಕಿ ಕರಗಿಸುವ ಮುನ್ನ ತಳ ತಿರುಗಿಸಿ ನೋಡಿ. ನಡೆಯುವ ಸಿಂಹದ ಪುಟ್ಟ ಮುದ್ರೆ ಇದ್ದರೆ ಅದು ಇಂಗ್ಲೆಂಡಿನ ಬೆಳ್ಳಿ, ಸಾವಿರಕ್ಕೆ 925 ಪಾಲು ಶುದ್ಧ ಎಂಬುದರ ಗುರುತು. ಪಕ್ಕದ ಅಕ್ಷರ ವರ್ಷ ಹೇಳುತ್ತದೆ. ಹುಣಸೆಹಣ್ಣು ಹಾಕಿ ಗಸಗಸ ಉಜ್ಜಬೇಡಿ, ಉಬ್ಬು ಚಿತ್ರ ಸವೆದುಹೋಗುತ್ತದೆ. ಬೆಳಗೊಳಕ್ಕೆ ಹೋದಾಗ ಜಿನನಾಥಪುರಕ್ಕೂ ಅರ್ಧ ಗಂಟೆ ಕೊಡಿ.