ಇಲಿಯ ಕಿಡ್ನಿ ಕಾಯ್ದ ಅರಿಸಿನ ನಮ್ಮದನ್ನೂ ಕಾಯುವುದೇ?

ಜೀವ ಉಳಿಸುವ ಆ್ಯಂಟಿಬಯೋಟಿಕ್ ಕೆಲವೊಮ್ಮೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಆ ಪೆಟ್ಟನ್ನು ತಡೆಯುವ ಗುಣ ಹತ್ತಾರು ಗಿಡಗಳಿಗಿದೆ ಎನ್ನುತ್ತವೆ ಪ್ರಯೋಗಾಲಯಗಳು. ಆ ಭರವಸೆ ರೋಗಿಯ ಹಾಸಿಗೆಯ ತನಕ ಬಂದಿದೆಯೇ?

ಹುಟ್ಟಿ ಮೂರು ದಿನವಾದ ಕೂಸು ಹಾಲು ಕುಡಿಯುವುದನ್ನು ಬಿಟ್ಟಿದೆ, ಮೈ ತಣ್ಣಗಿದೆ, ಉಸಿರು ವೇಗವಾಗಿದೆ. ಇಂಥ ಕೂಸನ್ನು ಆಸ್ಪತ್ರೆಗೆ ತಂದಾಗ ವೈದ್ಯರು ಕಲ್ಚರ್ ವರದಿ ಬರಲೆಂದು ಕಾಯುತ್ತ ಕೂರುವುದಿಲ್ಲ. ಆಂಪಿಸಿಲಿನ್ ಜೊತೆಗೆ ಜೆಂಟಾಮೈಸಿನ್ ಇಂಜೆಕ್ಷನ್ ಕೂಡಲೇ ಶುರುವಾಗುತ್ತದೆ. ರಕ್ತಕ್ಕೆ ನಂಜೇರಿದ ನವಜಾತ ಶಿಶುಗಳಿಗೆ ಮೊದಲು ಈ ಜೋಡಿಯನ್ನೇ ಕೊಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಜೆಂಟಾಮೈಸಿನ್ ಬೆಲೆ ಕಡಿಮೆ, ಸಣ್ಣ ಆಸ್ಪತ್ರೆಗಳಲ್ಲೂ ಸಿಗುತ್ತದೆ, ಹಠಮಾರಿ ಬ್ಯಾಕ್ಟೀರಿಯಾಗಳನ್ನು ಬೇಗ ಕೊಲ್ಲುತ್ತದೆ.

ಮಣ್ಣಿನಲ್ಲಿ ಬದುಕುವ ಮೈಕ್ರೋಮೊನೊಸ್ಪೊರ ಎಂಬ ಸೂಕ್ಷ್ಮಜೀವಿಯಿಂದ ಬಂದ ಈ ಔಷಧವನ್ನು ಅಮೆರಿಕದ ಶೆರಿಂಗ್ ಕಂಪನಿಯ ವಿಜ್ಞಾನಿಗಳು 1963ರಲ್ಲಿ ಲೋಕಕ್ಕೆ ತಿಳಿಸಿದರು. ಇದರ ಅಣ್ಣತಮ್ಮಂದಿರೂ ಹೆಸರುವಾಸಿಗಳೇ. 1943ರಲ್ಲಿ ಸಿಕ್ಕಿ ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್, 1957ರಲ್ಲಿ ಜಪಾನಿನಿಂದ ಬಂದ ಕನಾಮೈಸಿನ್, ಇವತ್ತು ಐಸಿಯುಗಳಲ್ಲಿ ದಿನವೂ ಬಳಕೆಯಾಗುವ ಅಮಿಕಾಸಿನ್ ಎಲ್ಲವೂ ಅಮಿನೊಗ್ಲೈಕೊಸೈಡ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಈ ಕುಟುಂಬಕ್ಕೆ ಒಂದು ದೋಷವೂ ಅಂಟಿಕೊಂಡಿದೆ. ಅದು ಕಿವಿಯನ್ನೂ ಕಿಡ್ನಿಯನ್ನೂ ಕಾಡುತ್ತದೆ.

ಕೊಳವೆಯ ಗೋಡೆಯಲ್ಲಿ ಏನಾಗುತ್ತದೆ?

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ನೆಫ್ರಾನ್ ಎಂಬ ಸೋಸುವ ಘಟಕಗಳು ಸುಮಾರು 10 ಲಕ್ಷ ಇವೆ. ಎರಡೂ ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದ ನೀರು, ಉಪ್ಪು, ಸಕ್ಕರೆಯನ್ನು ನೆಫ್ರಾನಿನ ಕೊಳವೆಗಳು ಮತ್ತೆ ರಕ್ತಕ್ಕೆ ಮರಳಿಸುತ್ತವೆ. ಈ ಕೆಲಸದ ಬಹುಪಾಲು ನಡೆಯುವುದು ಕೊಳವೆಯ ಮೊದಲ ಭಾಗದಲ್ಲಿ. ಜೆಂಟಾಮೈಸಿನ್ ಪೆಟ್ಟು ಬೀಳುವುದೂ ಅಲ್ಲಿಯೇ.

ಜೆಂಟಾಮೈಸಿನ್ ದೇಹದಲ್ಲಿ ಕರಗಿ ಬೇರೆ ರೂಪಕ್ಕೆ ತಿರುಗುವುದಿಲ್ಲ. ಇದ್ದ ಹಾಗೇ ಮೂತ್ರದ ದಾರಿ ಹಿಡಿಯುತ್ತದೆ. ದಾರಿಯಲ್ಲಿ ಅದರ ಒಂದು ಸಣ್ಣ ಪಾಲನ್ನು ಕೊಳವೆಯ ಕೋಶಗಳು ಮೆಗಾಲಿನ್ ಎಂಬ ಪ್ರೋಟೀನಿನ ಮೂಲಕ ಒಳಗೆ ಎಳೆದುಕೊಳ್ಳುತ್ತವೆ. ಹಾಗೆ ಬಂದ ಔಷಧ ಕೋಶದ ಲೈಸೊಸೋಮ್ ಚೀಲಗಳಲ್ಲಿ ದಿನದಿಂದ ದಿನಕ್ಕೆ ಜಮೆಯಾಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಚೀಲಗಳೊಳಗೆ ಕೊಬ್ಬಿನ ಪೊರೆಗಳು ಅಡ್ಡ ಕೊಯ್ದ ಈರುಳ್ಳಿಯಂತೆ ಸುತ್ತುಸುತ್ತಾಗಿ ಕಟ್ಟಿಕೊಂಡಿರುವುದು ಕಾಣುತ್ತದೆ. ಕೊನೆಗೆ ಚೀಲ ಒಡೆಯುತ್ತದೆ. ಔಷಧ ಮೈಟೊಕಾಂಡ್ರಿಯಾವನ್ನು ಮುಟ್ಟುತ್ತದೆ, ಅಲ್ಲಿಂದ ಉಗ್ರ ಆಮ್ಲಜನಕ ಕಣಗಳು ಸಿಡಿಯುತ್ತವೆ, ಕೋಶ ಸಾಯುತ್ತದೆ.

ಇದೆಲ್ಲ ನಡೆಯುವಾಗ ರೋಗಿಗೆ ನೋವಿಲ್ಲ. ಎಷ್ಟೋ ಮಂದಿಗೆ ಮೂತ್ರವೂ ಕಡಿಮೆಯಾಗುವುದಿಲ್ಲ. ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಐದಾರು ದಿನ ಕಳೆದ ಮೇಲೆ ರಕ್ತದಲ್ಲಿ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರುತ್ತದೆ. ಅದು ಏರುವ ಹೊತ್ತಿಗೆ ಸೋಸುವ ಶಕ್ತಿ ಗಣನೀಯವಾಗಿ ಕುಗ್ಗಿರುತ್ತದೆ. ಈ ಔಷಧಗಳನ್ನು ಪಡೆದವರಲ್ಲಿ ಶೇ 10ರಿಂದ 25ರಷ್ಟು ಮಂದಿಗೆ ಕಿಡ್ನಿಯ ತೊಂದರೆ ಕಾಣಿಸಿಕೊಳ್ಳುತ್ತದೆ ಎಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಕೊಳವೆಯ ಕೋಶಗಳು ಮತ್ತೆ ಬೆಳೆಯಬಲ್ಲವು, ಆದ್ದರಿಂದ ಔಷಧ ನಿಲ್ಲಿಸಿದರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಕಿವಿಯ ಕೇಶಕೋಶಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ಹೋದ ಕೇಳುವ ಶಕ್ತಿ ಮರಳುವುದಿಲ್ಲ.

ಇಲಿ ಹೇಳಿದ ಶುಭವಾರ್ತೆ

ಹಾನಿಗೆ ಕಾರಣ ಉಗ್ರ ಆಮ್ಲಜನಕವಾದರೆ ಅದನ್ನು ಹಿಡಿದು ಹಾಕುವ ಗಿಡದ ರಸಾಯನಿಕಗಳನ್ನು ಜೊತೆಯಲ್ಲೇ ಕೊಟ್ಟರೆ ಹೇಗೆ? ಜಗತ್ತಿನ ನೂರಾರು ಪ್ರಯೋಗಾಲಯಗಳು ಈ ಪ್ರಶ್ನೆಯ ಬೆನ್ನು ಹತ್ತಿವೆ. ನಮ್ಮ ಫಾರ್ಮಸಿ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಇದು ಅಚ್ಚುಮೆಚ್ಚಿನ ವಿಷಯ.

ಪ್ರಯೋಗದ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಇಲಿಗಳನ್ನು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಬರೀ ಸಲೈನ್. ಇನ್ನೊಂದಕ್ಕೆ ಒಂದು ವಾರದಷ್ಟು ಕಾಲ ದಿನವೂ ಹೊಟ್ಟೆಯೊಳಕ್ಕೆ ಜೆಂಟಾಮೈಸಿನ್. ಮತ್ತೆರಡು ಗುಂಪುಗಳಿಗೆ ಜೆಂಟಾಮೈಸಿನ್ ಜೊತೆಗೆ ಗಿಡದ ಸಾರ, ಒಂದಕ್ಕೆ ಕಡಿಮೆ, ಒಂದಕ್ಕೆ ಹೆಚ್ಚು. ಕೊನೆಯಲ್ಲಿ ರಕ್ತದ ಯೂರಿಯಾ, ಕ್ರಿಯಾಟಿನಿನ್ ಅಳೆದು, ಕಿಡ್ನಿಯ ತೆಳು ಪದರಕ್ಕೆ ಬಣ್ಣ ಹಾಕಿ ಗಾಜಿನ ಪಟ್ಟಿಯ ಮೇಲೆ ನೋಡುತ್ತಾರೆ. ಬರೀ ಜೆಂಟಾಮೈಸಿನ್ ಪಡೆದ ಇಲಿಯ ಕೊಳವೆಗಳಲ್ಲಿ ಕೋಶಗಳು ಗೋಡೆಯಿಂದ ಕಳಚಿ ನಡುವೆ ಬಿದ್ದಿರುತ್ತವೆ. ಗಿಡದ ಸಾರ ಪಡೆದ ಇಲಿಯಲ್ಲಿ ಗೋಡೆ ಬಹುಮಟ್ಟಿಗೆ ನೆಟ್ಟಗಿರುತ್ತದೆ.

ಹೀಗೆ ಗೆದ್ದ ಗಿಡಗಳ ಪಟ್ಟಿ ಉದ್ದವಾಗಿದೆ. ಅರಿಸಿನದ ಕರ್ಕ್ಯುಮಿನ್, ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್, ಕರಿಜೀರಿಗೆಯ ಥೈಮೊಕ್ವಿನೋನ್, ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು, ಹಸಿರು ಚಹಾದ ಕ್ಯಾಟೆಚಿನ್‌ಗಳು ಅದರಲ್ಲಿವೆ. ಆಯುರ್ವೇದ ಮೂತ್ರದ ತೊಂದರೆಗಳಿಗೆ ತಲೆಮಾರುಗಳಿಂದ ಬಳಸುತ್ತ ಬಂದ ಪುನರ್ನವ ಮತ್ತು ನೆಗ್ಗಿಲು ಕೂಡ ಇವೆ. ಈ ರಸಾಯನಿಕಗಳು ಉಗ್ರ ಕಣಗಳನ್ನು ನೇರವಾಗಿ ತಟಸ್ಥಗೊಳಿಸುವುದಷ್ಟೇ ಅಲ್ಲ, ಎನ್‌ಆರ್‌ಎಫ್2 ಎಂಬ ಸ್ವಿಚ್ ಒತ್ತಿ ಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಬ್ಬಿಸುತ್ತವೆ, ಉರಿಯೂತವನ್ನೂ ತಗ್ಗಿಸುತ್ತವೆ. ಇದನ್ನು ಹಗುರವಾಗಿ ಕಾಣಬಾರದು.

ಇಲಿಯಿಂದ ಮನುಷ್ಯನಿಗೆ ಎಷ್ಟು ದೂರ?

ಆದರೆ ಆ ಇಲಿ ಯಾರು ಎಂದು ಕೇಳಬೇಕು. ಅದು ಎಳೆಯ ವಯಸ್ಸಿನ ಆರೋಗ್ಯವಂತ ಪ್ರಾಣಿ. ಅದಕ್ಕೆ ಸೋಂಕೂ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಮನುಷ್ಯರಿಗೆ ಜೆಂಟಾಮೈಸಿನ್ ಕೊಡುವುದು ದಿನಕ್ಕೆ ಕಿಲೊ ತೂಕಕ್ಕೆ 5ರಿಂದ 7 ಮಿಲಿಗ್ರಾಂ. ಇಲಿಗೆ ಚುಚ್ಚುವುದು 80ರಿಂದ 100 ಮಿಲಿಗ್ರಾಂ. ಸಣ್ಣ ಪ್ರಾಣಿಯ ದೇಹ ಔಷಧವನ್ನು ಬೇಗ ಹೊರಹಾಕುತ್ತದೆ ಎಂದು ಲೆಕ್ಕ ಸರಿಪಡಿಸಿದರೂ ಇದು ಹೆಚ್ಚೇ. ಎಷ್ಟೋ ಪ್ರಯೋಗಗಳಲ್ಲಿ ಗಿಡದ ಸಾರವನ್ನು ಪೆಟ್ಟು ಬೀಳುವ ಮೊದಲೇ ಕೊಟ್ಟಿರುತ್ತಾರೆ. ಆಸ್ಪತ್ರೆಗೆ ಬರುವ ರೋಗಿಗೆ ಅಂಥ ಮುನ್ಸೂಚನೆ ಸಿಗುವುದಿಲ್ಲ.

ನುಂಗಿದ್ದು ರಕ್ತ ಸೇರಬೇಕೆಂಬ ತೊಡಕು ಇನ್ನೂ ದೊಡ್ಡದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸ್ವಯಂಸೇವಕರು 2 ಗ್ರಾಂ ಕರ್ಕ್ಯುಮಿನ್ ನುಂಗಿದರೂ ಅವರ ರಕ್ತದಲ್ಲಿ ಅದು ಪತ್ತೆಯೇ ಆಗಲಿಲ್ಲ, ಇಲ್ಲವೇ ತೀರಾ ಅಲ್ಪವಾಗಿ ಕಂಡಿತು. ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಹೀರಿಕೆ ಶೇ 2000ದಷ್ಟು ಹೆಚ್ಚಿತು. ಜಗತ್ತಿನಾದ್ಯಂತ ಇವತ್ತು ಅರಿಸಿನದ ಮಾತ್ರೆಗಳಿಗೆ ಮೆಣಸಿನ ಸಾರ ಬೆರೆಸುವುದರ ಹಿಂದೆ ಇರುವುದು ಬೆಂಗಳೂರಿನ ಈ ಕೆಲಸ. ಆದರೆ ಪೈಪರಿನ್ ಬೇರೆ ಔಷಧಗಳು ಒಡೆಯುವ ವೇಗವನ್ನೂ ಬದಲಿಸಬಲ್ಲದು. ಹತ್ತು ಬಗೆಯ ಔಷಧ ಪಡೆಯುತ್ತಿರುವ ಐಸಿಯು ರೋಗಿಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಮನುಷ್ಯರ ಮೇಲೆ ಪರೀಕ್ಷೆ ಮಾಡಿದಾಗ ಏನಾಯಿತು? ಕೆನಡಾದ ಹತ್ತು ಆಸ್ಪತ್ರೆಗಳಲ್ಲಿ, ಹೊಟ್ಟೆಯ ಮಹಾಪಧಮನಿಯ ಶಸ್ತ್ರಚಿಕಿತ್ಸೆಗೆ ಒಳಗಾದ 606 ಮಂದಿಯಲ್ಲಿ ಕೆಲವರಿಗೆ ಕರ್ಕ್ಯುಮಿನ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ಹೋಲಿಸಿದರು. ಫಲಿತಾಂಶ 2018ರಲ್ಲಿ ಬಂತು. ಕರ್ಕ್ಯುಮಿನ್ ಕಿಡ್ನಿಯನ್ನು ಕಾಯಲಿಲ್ಲ. ಬದಲಿಗೆ, ದಿಢೀರ್ ಕಿಡ್ನಿ ಹಾನಿ ಹುಸಿಮಾತ್ರೆಯವರಲ್ಲಿ ಶೇ 10ರಷ್ಟಿದ್ದರೆ ಕರ್ಕ್ಯುಮಿನ್ ಪಡೆದವರಲ್ಲಿ ಶೇ 17ರಷ್ಟಿತ್ತು. ಅಲ್ಲಿ ಪೆಟ್ಟಿನ ಕಾರಣ ಆ್ಯಂಟಿಬಯೋಟಿಕ್ ಅಲ್ಲ, ನಿಜ. ಆದರೂ ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೇ ಹೊಂದಿಸಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಗಿಡವೇ ಕಿಡ್ನಿಗೆ ಮುಳುವಾದಾಗ

‘ಗಿಡಮೂಲಿಕೆ ತಾನೇ, ತೊಂದರೆಯಾಗದು’ ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಯ ಮಾತ್ರೆ ಸೇವಿಸಿದ ಮಹಿಳೆಯರ ಕಿಡ್ನಿಗಳು ಒಬ್ಬೊಬ್ಬರದಾಗಿ ಕೈಕೊಟ್ಟವು. ಒಂದು ಬೇರಿನ ಬದಲು ಅರಿಸ್ಟೊಲೊಕಿಯ ಜಾತಿಯ ಬೇರು ಮಾತ್ರೆಗೆ ಸೇರಿತ್ತು. ಅದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಕೊಳವೆಗಳನ್ನು ಕೊಂದು ಮೂತ್ರದಾರಿಯ ಕ್ಯಾನ್ಸರಿಗೂ ಕಾರಣವಾಗುತ್ತದೆ. ನಮ್ಮ ನಾಟಿ ವೈದ್ಯದಲ್ಲಿ ಹಾವಿನ ವಿಷಕ್ಕೆಂದು ಬಳಸುವ ಈಶ್ವರಿ ಬಳ್ಳಿ ಇದೇ ಜಾತಿಯದು, ಅದರಲ್ಲೂ ಇದೇ ಆಮ್ಲವಿದೆ.

ಕರಾವಳಿಯ ಅಡುಗೆಗೆ ಹುಳಿ ಕೊಡುವ ಬಿಂಬುಳಿಯ ಉದಾಹರಣೆ ಇನ್ನೂ ಹತ್ತಿರದ್ದು. ಕೊಲೆಸ್ಟ್ರಾಲ್ ಇಳಿಯಲೆಂದು ಅದರ ರಸವನ್ನು ಗಟ್ಟಿಯಾಗಿ ಕುಡಿದ ಹತ್ತು ಮಂದಿಯ ಕಿಡ್ನಿಯಲ್ಲಿ ಆಕ್ಸಲೇಟ್ ಹರಳುಗಟ್ಟಿದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದರು. ಸಾರಿಗೆ ಹಾಕಿದ ಎರಡು ಕಾಯಿ ಬೇರೆ, ಲೋಟದ ತುಂಬ ರಸ ಬೇರೆ.

ಸೇಬಿನ ಮರದಿಂದ ಮಾತ್ರೆಯವರೆಗೆ

ಹಾಗಾದರೆ ಗಿಡಗಳಿಂದ ಕಿಡ್ನಿಗೆ ರಕ್ಷೆ ಸಿಗುವುದೇ ಇಲ್ಲವೇ? ಸಿಕ್ಕಿದೆ. 1835ರಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೊರಿಜಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಕಿಡ್ನಿಯ ಕೊಳವೆ ಸಕ್ಕರೆಯನ್ನು ಮರಳಿ ಹೀರುವುದನ್ನು ತಡೆಯುತ್ತದೆ. ಆದರೆ ಕರುಳಿನಲ್ಲೇ ಒಡೆದುಹೋಗುತ್ತಿದ್ದುದರಿಂದ ಔಷಧವಾಗಲಿಲ್ಲ. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ತಿದ್ದಿ ತಿದ್ದಿ ಮಾಡಿದ ಡಾಪಾಗ್ಲಿಫ್ಲೋಜಿನ್ 2012ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. 2020ರಲ್ಲಿ ಪ್ರಕಟವಾದ, ನಾಲ್ಕು ಸಾವಿರಕ್ಕೂ ಹೆಚ್ಚು ಕಿಡ್ನಿ ರೋಗಿಗಳ ಮೇಲಿನ ಪ್ರಯೋಗ ಅದು ಕಿಡ್ನಿ ವೈಫಲ್ಯವನ್ನು ತಗ್ಗಿಸುತ್ತದೆಂದು ತೋರಿಸಿತು. ಇದು ಆ್ಯಂಟಿಬಯೋಟಿಕ್ ಹಾನಿಗೆ ಮದ್ದಲ್ಲ, ದೀರ್ಘಕಾಲದ ಕಿಡ್ನಿ ರೋಗಕ್ಕೆ. ಆದರೆ ತೊಗಟೆಯಿಂದ ಚಿಕಿತ್ಸೆಯವರೆಗಿನ ದಾರಿ ಹೇಗಿರುತ್ತದೆಂದು ಇದರಿಂದ ತಿಳಿಯುತ್ತದೆ.

ಜೆಂಟಾಮೈಸಿನ್ ವಿಷಯದಲ್ಲೂ ಅಂಥ ಒಂದು ಹೆಜ್ಜೆ ಬಿದ್ದಿದೆ. ವಿಲ್ಲೋ ಮರದ ತೊಗಟೆಯ ಸಂಯುಕ್ತಕ್ಕೆ ನೆಂಟನಾದ ಆಸ್ಪಿರಿನ್ ಜೊತೆಗೆ ಕೊಟ್ಟರೆ ಕಿವಿ ಉಳಿಯುವುದೇ ಎಂದು ಚೀನಾದಲ್ಲಿ ಪರೀಕ್ಷಿಸಿದರು. 2006ರಲ್ಲಿ ಬಂದ ಫಲಿತಾಂಶದ ಪ್ರಕಾರ ಶ್ರವಣದೋಷ ಶೇ 13ರಿಂದ ಶೇ 3ಕ್ಕೆ ಇಳಿಯಿತು. ಅಷ್ಟು ಪ್ರಮಾಣದ ಆಸ್ಪಿರಿನ್‌ನಿಂದ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವಿದೆ, ಹಾಗಾಗಿ ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ.

ಇವತ್ತು ಕೈಯಲ್ಲಿರುವ ರಕ್ಷೆ

ಸದ್ಯಕ್ಕೆ ಕಿಡ್ನಿಯನ್ನು ನಿಜವಾಗಿ ಕಾಯುತ್ತಿರುವುದು ಸರಳ ಎಚ್ಚರಗಳು. ಜೆಂಟಾಮೈಸಿನನ್ನು ದಿನಕ್ಕೆ ಮೂರು ಬಾರಿ ಹಂಚಿ ಕೊಡುವ ಬದಲು ಸಾಧ್ಯವಿರುವ ಕಡೆ ಒಂದೇ ಬಾರಿ ಕೊಡುವುದು ಅದರಲ್ಲಿ ಮುಖ್ಯ. ಕೋಶಗಳು ಒಮ್ಮೆಗೆ ಹೀರಬಲ್ಲ ಪ್ರಮಾಣಕ್ಕೆ ಮಿತಿಯಿದೆ, ಮಿಕ್ಕಿದ್ದು ಮೂತ್ರದಲ್ಲಿ ಹರಿದುಹೋಗುತ್ತದೆ. ತೂಕಕ್ಕೆ ತಕ್ಕ ಡೋಸ್, ಸಾಧ್ಯವಾದಷ್ಟು ಕಡಿಮೆ ದಿನ, ದೇಹದಲ್ಲಿ ಸಾಕಷ್ಟು ನೀರಿನಂಶ, ಎರಡು ಮೂರು ದಿನಕ್ಕೊಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಇವೂ ಅಷ್ಟೇ ಮುಖ್ಯ. ಮನೆಯವರು ಮಾಡಬೇಕಾದದ್ದೂ ಇದೆ. ಮೊದಲೇ ಕಿಡ್ನಿ ತೊಂದರೆ ಇದ್ದರೆ ಹೇಳಬೇಕು. ನೋವಿನ ಮಾತ್ರೆಯನ್ನು ತಾವಾಗಿ ನುಂಗಿಸಬಾರದು. ಕಷಾಯ, ಚೂರ್ಣ ಯಾವುದೇ ನಡೆಯುತ್ತಿದ್ದರೂ ವೈದ್ಯರಿಂದ ಮುಚ್ಚಿಡಬಾರದು. ವೈದ್ಯರೂ ಗದರದೆ ಕೇಳಿಸಿಕೊಳ್ಳಬೇಕು.

ಪುನರ್ನವ, ನೆಗ್ಗಿಲುಗಳ ಮೇಲೆ ಇಲಿಗಳಲ್ಲಿ ಮತ್ತೊಂದು ಪ್ರಬಂಧ ಬರೆದರೆ ಪದವಿ ಸಿಗಬಹುದು, ರೋಗಿಗೆ ಏನೂ ಸಿಗುವುದಿಲ್ಲ. ಸಾರದಲ್ಲಿ ಏನಿದೆ, ಎಷ್ಟಿದೆ ಎಂದು ಗುಣಮಟ್ಟ ನಿಗದಿಪಡಿಸಿ, ಆ್ಯಂಟಿಬಯೋಟಿಕ್‌ನ ಕೊಲ್ಲುವ ಶಕ್ತಿಯನ್ನು ಅದು ಕುಂದಿಸುವುದಿಲ್ಲವೆಂದು ಖಚಿತಪಡಿಸಿಕೊಂಡು, ಅಮಿಕಾಸಿನ್ ಪಡೆಯುತ್ತಿರುವ ರೋಗಿಗಳಲ್ಲಿ ಹುಸಿಮಾತ್ರೆಯೊಂದಿಗೆ ಹೋಲಿಸುವ ಪ್ರಯೋಗ ನಮಗೆ ಬೇಕು. ಅದಕ್ಕೆ ಬೇಕಾದ ಗಿಡ, ವೈದ್ಯಕೀಯ ಕಾಲೇಜು, ಆಯುರ್ವೇದ ವಿದ್ವಾಂಸರು ಎಲ್ಲ ನಮ್ಮಲ್ಲೇ ಇದ್ದಾರೆ. ಹಿರಿಯರ ಮೂಲಿಕೆ ಜ್ಞಾನವನ್ನು ಗೌರವಿಸುವುದೆಂದರೆ ಅದನ್ನು ಇಂಥ ಕಠಿಣ ಪರೀಕ್ಷೆಗೆ ಒಡ್ಡುವುದು, ಗೆದ್ದರೆ ಬಳಸುವುದು, ಸೋತರೆ ಬಿಡುವುದು.